ಕುಡುಕ ಅನ್ನೋ ಮೂರಕ್ಷರ

ಈ ಬರಹ ಆರು ತಿಂಗಳಿಂದ ಡ್ರಾಫ್ಟಿನಲ್ಲೇ ಕೂತಿತ್ತು. ಮಳೆ, ಊರು, ಸಿನಿಮಾ, ಪಿಜಿ ಊಟ ಅಂತ ಏನೇನೋ ಬರೆದು ನಿಮ್ಮನ್ನೆಲ್ಲ ನಗಿಸಿದ್ದೀನಿ. ಇದು ಹಾಗಲ್ಲ. ಈ ಬ್ಲಾಗಿನಲ್ಲಿ ಎಲ್ಲೂ ನನ್ನ ನಿಜವಾದ ಹೆಸರಿಲ್ಲ. ಅದನ್ನ ಶೋಕಿಗೆ ಅಂತ ಮಾಡಿಕೊಂಡಿದ್ದೆ, ಈ ಸಲ ಉಪಯೋಗಕ್ಕೆ ಬಂತು.

ವಿಷಯ ಇಷ್ಟೇ. ನಾನು ಕುಡೀತಿದ್ದೆ. ತುಂಬಾ ಕುಡೀತಿದ್ದೆ.

ಶುರುವಾಗಿದ್ದು ಎಲ್ಲರ ಥರಾನೇ. ಇಂಜಿನಿಯರಿಂಗ್ ಕೊನೇ ವರ್ಷ, ಹಾಸ್ಟೆಲ್, ಕ್ಯಾಂಪಸ್ ಸೆಲೆಕ್ಷನ್ ಆದ ರಾತ್ರಿ. ಆಮೇಲೆ ಬೆಂಗಳೂರು, ಶುಕ್ರವಾರದ ಎಣ್ಣೆ ಪಾರ್ಟಿ. ಅಲ್ಲಿವರೆಗೂ ನಾನೂ ನನ್ನ ಗೆಳೆಯರೂ ಒಂದೇ ದಾರೀಲಿದ್ವಿ. 2020ರಲ್ಲಿ ಲಾಕ್‌ಡೌನ್ ಬಂತು, ಮನೆಯೇ ಆಫೀಸಾಯ್ತು. ಆ ವರ್ಷ ಮೇ 4ಕ್ಕೆ ಕರ್ನಾಟಕದಲ್ಲಿ ಮದ್ಯದಂಗಡಿಗಳು ಮತ್ತೆ ತೆರೆದಾಗ ಟಿವಿಯವರು ಉದ್ದುದ್ದ ಕ್ಯೂಗಳನ್ನ ತೋರಿಸಿ ನಕ್ಕರಲ್ಲ, ಅಂಥದ್ದೇ ಒಂದು ಕ್ಯೂನಲ್ಲಿ ಬೆಳಿಗ್ಗೆ ಏಳು ಗಂಟೆಗೇ ನಾನೂ ನಿಂತಿದ್ದೆ. ಜೊತೇಲಿ ನಿಂತಿದ್ದ ಗೆಳೆಯ ಅದನ್ನ ವಾಟ್ಸಾಪ್ ಸ್ಟೇಟಸ್‌ಗೆ ಹಾಕಿಕೊಂಡ. ನಾನು ಹಾಕಲಿಲ್ಲ. ಅವನಿಗೆ ಅದು ತಮಾಷೆ, ನನಗೆ ಆಗಲೇ ತಮಾಷೆಯಾಗಿ ಉಳಿದಿರಲಿಲ್ಲ. ವ್ಯತ್ಯಾಸ ಅಲ್ಲೇ ಗೊತ್ತಾಗಬೇಕಿತ್ತು.

ಸಾಫ್ಟ್‌ವೇರ್‌ನವನಲ್ವಾ, ಪರಿಹಾರಾನೂ ಸಾಫ್ಟ್‌ವೇರ್‌ನಲ್ಲೇ ಹುಡುಕಿದೆ. ಒಂದು ಎಕ್ಸೆಲ್ ಶೀಟ್ ಮಾಡಿದೆ. ದಿನಾಂಕ, ಎಷ್ಟು ಎಂಎಲ್, ವಾರದ ಮಿತಿ. ಮಿತಿ ದಾಟಿದರೆ ಸೆಲ್ ಕೆಂಪಾಗೋ ಹಾಗೆ ಫಾರ್ಮುಲಾ ಬೇರೆ. ಎರಡು ತಿಂಗಳು ಒಂದೇ ಒಂದು ಸೆಲ್ಲೂ ಕೆಂಪಾಗಲಿಲ್ಲ. ಯಾಕಂದ್ರೆ ಕ್ವಾರ್ಟರ್ ಕುಡಿದು ತೊಂಬತ್ತು ಅಂತ ತುಂಬ್ತಿದ್ದೆ. ಆ ಶೀಟನ್ನ ನೋಡೋನು ಜಗತ್ತಿನಲ್ಲಿ ನಾನೊಬ್ಬನೇ. ಪಾಸ್‌ವರ್ಡ್ ಕೂಡ ಹಾಕಿಟ್ಟಿದ್ದೆ. ಯಾರೂ ನೋಡದ ಶೀಟಿಗೆ ಸುಳ್ಳು ಹೇಳ್ತಿದ್ದೆ ನೋಡಿ!

2024ರ ಜನವರಿಯಲ್ಲಿ ಅಮ್ಮ ಬೆಂಗಳೂರಿಗೆ ಬಂದಳು, ಒಂದು ಕಣ್ಣಿನ ಪೊರೆ ಆಪರೇಷನ್ನಿಗೆ. ಆಪರೇಷನ್ ಚೆನ್ನಾಗೇ ಆಯ್ತು. ಮನೆಗೆ ಬಂದ ಮೇಲೆ ದಿನಕ್ಕೆ ಆರು ಸಲ ಡ್ರಾಪ್ಸ್ ಹಾಕಬೇಕು. ಬೆಳಿಗ್ಗೆ ಮೊದಲನೇ ಸಲ ಹಾಕೋಕೆ ಕೂತೆ. ಅಮ್ಮ ದಿಂಬಿಗೆ ತಲೆಯಿಟ್ಟು ಮೇಲೆ ನೋಡ್ತಾ ಮಲಗಿದ್ದಳು. ಮೊದಲ ಹನಿ ಕೆನ್ನೆ ಮೇಲೆ ಬಿತ್ತು, ಎರಡನೇದು ಹುಬ್ಬಿನ ಮೇಲೆ. ನನ್ನ ಕೈ ನಡುಗ್ತಿತ್ತು. ಹಿಂದಿನ ರಾತ್ರಿ ಅಮ್ಮ ಇದ್ದಾಳೆ ಅಂತ ಕುಡಿದಿರಲಿಲ್ಲ, ಅದಕ್ಕೇ ನಡುಗ್ತಿತ್ತು. ಇನ್ನೊಂದು ಕೈಯಲ್ಲಿ ಮಣಿಕಟ್ಟು ಹಿಡ್ಕೊಂಡೆ. ಮೂರನೇದೂ ಆಚೆ ಬಿತ್ತು.

"ಬಿಡು ಮಗ, ನಾನೇ ಹಾಕ್ಕೋತೀನಿ" ಅಂದಳು ಅಮ್ಮ. ಬಾಟಲಿ ಇಸ್ಕೊಂಡು, ಕನ್ನಡಿ ಮುಂದೆ ನಿಂತು, ಒಂದು ಕಣ್ಣಿಗೆ ಸರಿಯಾಗಿ ಕಾಣದಿದ್ರೂ ತಾನೇ ಹಾಕಿಕೊಂಡಳು. ಯಾಕೆ ನಡುಗ್ತಿದೆ ಅಂತ ಕೇಳಲಿಲ್ಲ. ಕೇಳಿದ್ರೆ ಏನೋ ಒಂದು ಸುಳ್ಳು ಹೇಳಿ ನೆಮ್ಮದಿಯಾಗಿರ್ತಿದ್ದೆ.

ಅವಳು ಊರಿಗೆ ಹೋದ ದಿನ ಇನ್ನು ಬಿಟ್ಟೆ ಅಂತ ತೀರ್ಮಾನಿಸಿದೆ. ಎರಡನೇ ರಾತ್ರಿಗೆ ಬೆವರು, ವಾಂತಿ, ನಿದ್ದೆಯಿಲ್ಲ, ಪಕ್ಕದ ರೂಮಿನಲ್ಲಿ ಯಾರೋ ನನ್ನ ಹೆಸರು ಹಿಡಿದು ಕರೆದ ಹಾಗೆ. ಆಟೋ ಹಿಡಿದು ಆಸ್ಪತ್ರೆಗೆ ಹೋದೆ. ಇದನ್ನ ಓದುವ ಯಾರಿಗಾದರೂ ಬೇಕಾಗಬಹುದು ಅಂತ ಇಷ್ಟು ಮಾತ್ರ ಒತ್ತಿ ಹೇಳ್ತೀನಿ: ದಿನಾ ತುಂಬಾ ಕುಡಿಯೋರು ಒಂದೇ ಏಟಿಗೆ ನಿಲ್ಲಿಸೋದು ಶೌರ್ಯ ಅಲ್ಲ, ಅಪಾಯ. ಫಿಟ್ಸ್ ಬರಬಹುದು, ಬುದ್ಧಿಭ್ರಮೆ ಆಗಬಹುದು, ಜೀವಾನೂ ಹೋಗಬಹುದು. ಡಾಕ್ಟರ ಹತ್ತಿರ ಹೋಗಿ ನಿಲ್ಲಿಸಬೇಕು. ನನಗೆ ಕೆಲವು ದಿನ ಮಾತ್ರೆ ಮತ್ತು ವಿಟಮಿನ್ ಬಿ1 ಇಂಜೆಕ್ಷನ್ ಕೊಟ್ಟರು. ಡಿಸ್ಚಾರ್ಜ್ ಮಾಡುವಾಗ ಡಾಕ್ಟರು, "ನಡುಕ ನಿಲ್ಲಿಸೋದು ನನ್ನ ಕೆಲಸ. ಸಂಜೆ ಏಳು ಗಂಟೆ ಆದಾಗ ನಿಮ್ಮ ಪಕ್ಕ ಇರೋದು ನನ್ನ ಕೈಲಾಗಲ್ಲ" ಅಂತ ಹೇಳಿ ಒಂದು ಚೀಟಿಯಲ್ಲಿ 'ಎಎ' ಅಂತ ಬರೆದುಕೊಟ್ಟರು. ಆಲ್ಕೋಹಾಲಿಕ್ಸ್ ಅನಾನಿಮಸ್.

ಹಾಲಿವುಡ್ ಸಿನಿಮಾಗಳಲ್ಲಿ ನೋಡಿದ್ದೆ. ರೌಂಡಾಗಿ ಕುರ್ಚಿ ಹಾಕ್ಕೊಂಡು ಕೂತು ಅಳೋದು. ಅಮೆರಿಕದವರ ಕಾಯಿಲೆಗೆ ಅಮೆರಿಕದವರ ಔಷಧಿ, ನಮಗ್ಯಾಕೆ ಅನ್ನಿಸ್ತು. ಆಮೇಲೆ ನೋಡಿದ್ರೆ ಇಂಡಿಯಾದಲ್ಲಿ 1957ರಿಂದ ಇದೆ! ಬೆಂಗಳೂರಿನಲ್ಲೇ ಇಂಗ್ಲಿಷ್, ಕನ್ನಡ, ತಮಿಳು, ಹಿಂದಿ ಎಲ್ಲದರಲ್ಲೂ ಮೀಟಿಂಗ್ ನಡೆಯುತ್ತೆ. ಫೀಸಿಲ್ಲ, ಫಾರ್ಮಿಲ್ಲ. ಕುಡಿಯೋದನ್ನ ನಿಲ್ಲಿಸಬೇಕು ಅನ್ನೋ ಆಸೆ ಇದ್ದರೆ ಸಾಕು, ಅದೊಂದೇ ಅರ್ಹತೆ. ಇಂಜಿನಿಯರಿಂಗ್ ಸೀಟಿಗಿಂತ ಸುಲಭ :)

ಅದರ ಇತಿಹಾಸ ಓದುವಾಗ ಒಂದು ಕಡೆ ಮೈ ಜುಮ್ಮೆಂದಿತು. ಬಿಲ್ ವಿಲ್ಸನ್ ಅಂತ ನ್ಯೂಯಾರ್ಕಿನ ಷೇರು ವ್ಯವಹಾರದ ಮನುಷ್ಯ, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. 1935ರ ಮೇ ತಿಂಗಳಲ್ಲಿ ಕೆಲಸದ ಮೇಲೆ ಒಹಾಯೋ ರಾಜ್ಯದ ಆಕ್ರನ್ ಊರಿಗೆ ಹೋಗ್ತಾನೆ. ಹೋದ ಕೆಲಸ ಕೆಡುತ್ತೆ. ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾನೆ, ಬಾರ್ ಹತ್ತಿರದಲ್ಲೇ ಇದೆ. ಇನ್ನೊಬ್ಬ ಕುಡುಕನ ಜೊತೆ ಮಾತಾಡದಿದ್ರೆ ನಾನು ಉಳಿಯಲ್ಲ ಅಂತ ಚರ್ಚುಗಳಿಗೆ ಫೋನ್ ಮಾಡ್ತಾ ಹೋಗ್ತಾನೆ. ಹಾಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್ ಅನ್ನೋ ಸರ್ಜನ್. ಹದಿನೈದು ನಿಮಿಷ ಮಾತ್ರ ಕೂರ್ತೀನಿ ಅಂತ ಬಂದವರು ಗಂಟೆಗಟ್ಟಲೆ ಮಾತಾಡ್ತಾರೆ. ಆಮೇಲೆ ಒಂದು ಸಲ ಬಾಬ್ ಮತ್ತೆ ಕುಡೀತಾರೆ. ಅವರು ಆಪರೇಷನ್ ಮಾಡಬೇಕಾದ ದಿನ ಬೆಳಿಗ್ಗೆ ಕೈ ನಡುಗ್ತಿದೆ, ಕೈ ನಿಲ್ಲಲಿ ಅಂತ ಬಿಲ್ಲೇ ಒಂದು ಬಿಯರ್ ಕೊಡ್ತಾನೆ. ಅದೇ ಅವರ ಕೊನೆಯ ಕುಡಿತ. 1935ರ ಜೂನ್ 10. ಆ ದಿನವನ್ನೇ ಎಎ ಹುಟ್ಟಿದ ದಿನ ಅಂತ ಲೆಕ್ಕ ಹಿಡೀತಾರೆ.

ನಡುಗೋ ಕೈ ಅಂತ ಓದಿದ ಜಾಗದಲ್ಲೇ ಸ್ವಲ್ಪ ಹೊತ್ತು ಕೂತೆ.

ಮೊದಲ ಮೀಟಿಂಗಿಗೆ ಇಂಗ್ಲಿಷಿನದ್ದನ್ನೇ ಆರಿಸಿಕೊಂಡೆ. ಕನ್ನಡದ್ದು ಮನೆಗೆ ಹತ್ತಿರಾನೇ ಇತ್ತು. ಆದರೆ ಕನ್ನಡದ್ದಕ್ಕೆ ಆಟೋದವರು, ಗಾರೆ ಕೆಲಸದವರು ಬರ್ತಾರೆ, ನಮ್ಮಂಥೋರಿಗಲ್ಲ ಅಂತ ಮನಸ್ಸಿನಲ್ಲಿ ಒಂದು ಕೊಬ್ಬು ಇತ್ತು. ಮುಚ್ಚಿಟ್ಟು ಏನು ಪ್ರಯೋಜನ, ಇತ್ತು. ಕನ್ನಡದಲ್ಲಿ ಬ್ಲಾಗ್ ಬರೆದು ರಾಜ್ಯೋತ್ಸವಕ್ಕೆ ಉದ್ದುದ್ದ ಪೋಸ್ಟ್ ಹಾಕೋನು ನಾನು!

ಜಾಗ ಒಂದು ಶಾಲೆ. ಗೇಟಿನ ಮುಂದೆ ಎರಡು ಸಲ ಹಾದುಹೋದೆ. ಮೂರನೇ ಸಲ ಸೆಕ್ಯೂರಿಟಿಯವರು, "ಮೀಟಿಂಗಾ ಸಾರ್? ಒಳಗೆ ಎಡಗಡೆ ಮೂರನೇ ರೂಮು" ಅಂದರು. ಮುಖ ನೋಡಿ ಗೊತ್ತಾಗೋಷ್ಟು ಹಾಳಾಗಿದೀನಾ ಅಂತ ಎದೆ ಧಸಕ್ ಅಂತು. ಆಮೇಲೆ ಗೊತ್ತಾಯ್ತು, ಹೊಸಬರೆಲ್ಲ ಎರಡು ಸಲ ಹಾದುಹೋಗಿ ಮೂರನೇ ಸಲಕ್ಕೇ ಒಳಗೆ ಬರೋದಂತೆ.

ಒಳಗೆ ಹತ್ತು ಹನ್ನೆರಡು ಜನ, ಅದರಲ್ಲಿ ಇಬ್ಬರು ಹೆಂಗಸರು. ಒಬ್ಬರು ಮೀಟಿಂಗ್ ನಡೆಸ್ತಾರೆ, ಅವರೂ ಕುಡಿತ ಬಿಟ್ಟವರೇ. ಡಾಕ್ಟರಿಲ್ಲ, ಕೌನ್ಸೆಲರಿಲ್ಲ, ಸ್ವಾಮೀಜಿಯಿಲ್ಲ. ಒಬ್ಬೊಬ್ಬರೇ ಹೆಸರು ಹೇಳಿ, ತಮ್ಮ ಮಾತಾಡ್ತಾರೆ. ನಡುವೆ ಯಾರೂ ಬಾಯಿ ಹಾಕೋ ಹಾಗಿಲ್ಲ, ಬುದ್ಧಿ ಹೇಳೋ ಹಾಗಿಲ್ಲ. ಕೊನೇಲಿ ಒಂದು ಡಬ್ಬ ಬರುತ್ತೆ, ರೂಮಿನ ಬಾಡಿಗೆಗೆ, ಟೀಗೆ ಅಂತ ಇದ್ದೋರು ಹಾಕಬಹುದು. ಹೊರಗಿನವರಿಂದ ದೇಣಿಗೆ ತಗೊಳ್ಳಲ್ಲ. ಅಲ್ಲಿ ಕೇಳಿದ್ದು ಅಲ್ಲಿಗೇ ಬಿಟ್ಟು ಬರಬೇಕು. ಅದಕ್ಕೇ ಯಾರ ಕಥೆಯನ್ನೂ ಇಲ್ಲಿ ಬರೀತಿಲ್ಲ. ಮುಂದೆ ಒಬ್ಬರ ಮಾತು ಮಾತ್ರ ಬರುತ್ತೆ, ಅದು ಅವರ ಒಪ್ಪಿಗೆ ಕೇಳಿಯೇ.

ನನ್ನ ಸರದಿ ಬಂತು. ಎರಡು ನಿಮಿಷ ಚೆನ್ನಾಗೇ ಇಂಗ್ಲಿಷ್ ಮಾತಾಡಿದೆ. 'ಐ ಆಮ್ ಆನ್ ಆಲ್ಕೋಹಾಲಿಕ್' ಅಂದೆ, ಸಲೀಸಾಗಿ ಬಂತು. ಆಫೀಸಿನಲ್ಲಿ ಬೆಳಿಗ್ಗೆ ಸ್ಟ್ಯಾಂಡಪ್ ಮೀಟಿಂಗ್ ಇರುತ್ತಲ್ಲ, ನಿನ್ನೆ ಏನು ಮಾಡಿದೆ, ಇವತ್ತು ಏನು ಮಾಡ್ತೀನಿ, ಏನು ಅಡ್ಡಿಯಿದೆ, ಥೇಟ್ ಅದೇ ಥರ. ಒತ್ತಡ, ಡೆಡ್‌ಲೈನ್, ನೈಟ್ ರಿಲೀಸ್ ಅಂತ ಎಲ್ಲ ಹೇಳಿದೆ. ಒಂದೂ ಸುಳ್ಳಿಲ್ಲ. ಆದ್ರೆ ಒಂದೂ ನನ್ನದಲ್ಲ. ಐದು ವಾರ ಹೋದೆ. ಎಕ್ಸೆಲ್ ಶೀಟ್ ತುಂಬಿದ ಹಾಗೇ ಅದನ್ನೂ ತುಂಬಿದೆ.

ಏಪ್ರಿಲ್‌ನಲ್ಲಿ ಯುಗಾದಿಗೆ ಊರಿಗೆ ಹೋದೆ. ನಮ್ಮ ಕಡೆ ಯುಗಾದಿ ಮಾರನೇ ದಿನ ಹೊಸತೊಡಕು ಅಂದ್ರೆ ನಿಮಗೆ ಗೊತ್ತಲ್ಲ. ಬೆಳಗಿನ ಜಾವ ಗುಡ್ಡೆ ಮಾಂಸ, ಮಧ್ಯಾಹ್ನ ತೋಟದಲ್ಲಿ ಅಣ್ಣತಮ್ಮಂದಿರೆಲ್ಲ ಸೇರಿ ಎಣ್ಣೆ. "ಬೆಂಗಳೂರಿಗೆ ಹೋಗಿ ಪೂಜಾರಪ್ಪ ಆಗ್ಬಿಟ್ಟೇನೋ" ಅಂದ ದೊಡ್ಡಪ್ಪನ ಮಗ. ಒಂದೇ ಲೋಟ ಅಂದುಕೊಂಡೆ. ಅಲ್ಲಿಂದ ಮೂರು ವಾರ ಏನಾಯ್ತು ಅನ್ನೋದು ನನಗೇ ಸರಿಯಾಗಿ ನೆನಪಿಲ್ಲ. ಮತ್ತೆ ಅದೇ ಡಾಕ್ಟರು, ಅದೇ ಇಂಜೆಕ್ಷನ್. ಅವರು ಬಯ್ಯಲಿಲ್ಲ. "ಮೀಟಿಂಗಿಗೆ ಹೋಗ್ತಿದ್ರಾ?" ಅಂದರು. ಹೂಂ ಅಂದೆ. "ಮಾತಾಡ್ತಿದ್ರಾ?" ಅಂದರು. ಅದಕ್ಕೆ ಹೂಂ ಅನ್ನೋಕೆ ಬಾಯಿ ಬರಲಿಲ್ಲ.

ಮೇ ತಿಂಗಳ ಒಂದು ಭಾನುವಾರ ಮನೆ ಹತ್ತಿರದ ಕನ್ನಡ ಮೀಟಿಂಗಿಗೆ ಹೋದೆ. ಅದೂ ಒಂದು ಸ್ಕೂಲು. ಚಿಕ್ಕ ಮಕ್ಕಳ ಬೆಂಚು, ಮೊಣಕಾಲು ಎದೆಗೆ ತಾಗುತ್ತೆ. ಗೋಡೆ ಮೇಲೆ ವರ್ಣಮಾಲೆಯ ಚಾರ್ಟು. ನಾನು ಅಂದುಕೊಂಡ ಹಾಗೆ ಆಟೋದವರು ಇದ್ದರು, ಗಾರೆ ಕೆಲಸದವರೂ ಇದ್ದರು. ಜೊತೆಗೆ ನನ್ನ ಥರದ್ದೇ ಐಡಿ ಕಾರ್ಡನ್ನ ಜೇಬಿಗೆ ತುರುಕಿಕೊಂಡವರೂ ಇಬ್ಬರು ಇದ್ದರು.

ಅಲ್ಲಿ ಹೆಚ್ಚಿನವರು 'ನಾನೊಬ್ಬ ಆಲ್ಕೋಹಾಲಿಕ್' ಅಂತಾನೇ ಹೇಳಿಕೊಂಡರು. ಇಂಗ್ಲಿಷ್ ಪದ ಒಂಥರಾ ಬ್ಯಾಂಡೇಜ್ ಇದ್ದ ಹಾಗೆ, ಒಳಗಿನ ಗಾಯ ಕಾಣಲ್ಲ. ಆಮೇಲೆ ಒಬ್ಬ ಯಜಮಾನರು ಎದ್ದರು. ಅರವತ್ತು ದಾಟಿದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹೆಸರು ಹೇಳಿ, "ನಾನು ಕುಡುಕ" ಅಂದರು. ಸ್ವಲ್ಪ ತಡೆದು ಮುಂದುವರಿಸಿದರು: "ಊರೋರು ನನ್ನ ಹಂಗೇ ಕರೀತಿದ್ರು. ಕರೆದಾಗೆಲ್ಲ ಹೊಡೆಯಾಕೆ ಹೋಗ್ತಿದ್ದೆ. ಈಗ ನಾನೇ ಕರ್ಕೋತೀನಿ. ಅವತ್ತಿಂದ ಯಾರ ಮೇಲೂ ಸಿಟ್ಟಿಲ್ಲ."

ಕುಡುಕ. ಮೂರೇ ಅಕ್ಷರ. ನಮ್ಮೂರಿನಲ್ಲಿ ಬೀದಿಯ ಕೊನೆ ಮನೆಯವನನ್ನ ಹಾಗೇ ಕರೀತಿದ್ವಿ. ಅವನ ಹಿಂದೆ ಕಲ್ಲು ಹೊಡ್ಕೊಂಡು ಓಡಿದ ಮಕ್ಕಳಲ್ಲಿ ನಾನೂ ಒಬ್ಬ. ಅವನ ಹೆಸರು ಈಗ ಎಷ್ಟು ನೆನಪಿಸಿಕೊಂಡರೂ ಬರಲ್ಲ. ಆ ಪದ ಅವನ ಹೆಸರನ್ನೇ ತಿಂದುಹಾಕಿತ್ತು. ಯಜಮಾನರು ಅದೇ ಪದವನ್ನ ತಮ್ಮ ಹೆಸರಿನ ಪಕ್ಕ ಇಟ್ಟುಕೊಂಡು, ಹೆಸರನ್ನೂ ಉಳಿಸಿಕೊಂಡು ನಿಂತಿದ್ದರು.

ನನ್ನ ಸರದಿ. ಎದ್ದೆ. "ನಾನು ಕು..." ಅಂದೆ. ಗಂಟಲು ಕಟ್ಟಿತು. ಎಲ್ಲ ಸುಮ್ಮನೆ ಕೂತಿದ್ದರು, ಯಾರೂ ಅವಸರ ಮಾಡಲಿಲ್ಲ. ಮತ್ತೆ ಹೇಳಿದೆ, ಈ ಸಲ ಪೂರ್ತಿ ಬಂತು. ಆಮೇಲೆ ಡೆಡ್‌ಲೈನು, ರಿಲೀಸು ಯಾವುದೂ ಬಾಯಿಗೆ ಬರಲಿಲ್ಲ. ಅಮ್ಮನ ಕಣ್ಣು ಬಂತು. ಮೂರು ಹನಿ ಆಚೆ ಬಿದ್ದಿದ್ದು, "ಬಿಡು ಮಗ" ಅಂದಿದ್ದು, ಎಲ್ಲ ಅಲ್ಲೇ ಮೊದಲ ಸಲ ಹೇಳಿದ್ದು. ಇಂಗ್ಲಿಷ್ ಮೀಟಿಂಗಿನಲ್ಲಿ ಐದು ವಾರ ಅದನ್ನ ಬೇಕಂತ ಮುಚ್ಚಿಟ್ಟಿರಲಿಲ್ಲ. ಅಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಯಾಕಂದ್ರೆ ನನ್ನ ಇಂಗ್ಲಿಷಿನಲ್ಲಿ ಅಮ್ಮ ಇಲ್ಲ. ಅದರಲ್ಲಿ ಇರೋದು ಇಂಟರ್‌ವ್ಯೂ, ಅಪ್ರೈಸಲ್, ಕ್ಲೈಂಟ್ ಕಾಲ್. ನಾನು ಯಾವ ಭಾಷೆಯಲ್ಲಿ ಅವಮಾನ ಪಟ್ಟಿದ್ದೆನೋ ಅದೇ ಭಾಷೆಯಲ್ಲಿ ಹೇಳಿಕೊಳ್ಳಬೇಕಿತ್ತು.

ಇಂಗ್ಲಿಷ್ ಮೀಟಿಂಗಿನ ತಪ್ಪು ಅಂತ ಹೇಳ್ತಿಲ್ಲ. ಅಲ್ಲೇ ಹೋಗಿ ವರ್ಷಗಟ್ಟಲೆ ಕುಡಿಯದೇ ಇರೋರು ನನಗೆ ಗೊತ್ತು. ಅವರ ಅಮ್ಮ ಇಂಗ್ಲಿಷಿನಲ್ಲೇ ಇರಬಹುದು, ಅಥವಾ ಅವರು ನನಗಿಂತ ಪ್ರಾಮಾಣಿಕರಿರಬಹುದು. ನನಗೆ ಬಾಗಿಲು ತೆರೆದಿದ್ದು ಇಲ್ಲಿ, ಅಷ್ಟೆ.

ಟೀ ಕುಡಿಯುವಾಗ ಯಜಮಾನರು ಹತ್ತಿರ ಬಂದರು. ಏನೋ ಉಪದೇಶ ಬರುತ್ತೆ ಅಂದುಕೊಂಡೆ. "ನಾಳೆ ಸಂಜೆ ಎಷ್ಟೊತ್ತಿಗೆ ಆಸೆ ಹುಟ್ಟತ್ತೆ ತಮ್ಮಾ?" ಅಂದರು. ಏಳೂವರೆ ಅಂದೆ. "ಏಳೂ ಕಾಲಿಗೆ ನಂಗೆ ಫೋನ್ ಮಾಡು" ಅಂತ ನಂಬರ್ ಕೊಟ್ಟರು. ಮಾಡಿದೆ. ಅವರ ಮೊಮ್ಮಗಳ ಹೋಮ್‌ವರ್ಕ್ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಕುಡಿತದ ಮಾತೇ ಬರಲಿಲ್ಲ. ಫೋನ್ ಇಟ್ಟಾಗ ಏಳೂ ಮೂವತ್ತೈದು.

ದೇವರ ವಿಷಯ ಕೇಳ್ತೀರಿ ಅಂತ ಗೊತ್ತು. ಎಎಯ ಹನ್ನೆರಡು ಮೆಟ್ಟಿಲುಗಳಲ್ಲಿ ದೇವರ ಮಾತು ಬರುತ್ತೆ, ಆದರೆ ಅವರವರು ಅರ್ಥ ಮಾಡಿಕೊಂಡ ಹಾಗಿನ ದೇವರು. ನಾನು ದೇವಸ್ಥಾನಕ್ಕೆ ಪ್ರಸಾದಕ್ಕೋಸ್ಕರ ಹೋಗೋನು. ಯಜಮಾನರನ್ನ ಕೇಳಿದೆ. "ನಿನ್ನ ಕೈಲಿ ಆಗಲ್ಲ ಅಂತ ಒಪ್ಕೊಂಡ್ಯಲ್ಲ, ಸದ್ಯಕ್ಕೆ ಅಷ್ಟು ಸಾಕು" ಅಂದರು. ಅದಷ್ಟನ್ನೇ ಇಟ್ಟುಕೊಂಡಿದ್ದೀನಿ.

ಇನ್ನು ನಮ್ಮ ಜಾತಿಯವರಿಗೆ, ಅಂದ್ರೆ ಇಂಜಿನಿಯರುಗಳಿಗೆ, ಡೇಟಾ ಬೇಕಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆಯ ಒಂದು ವಿಮರ್ಶೆ ಬಂತು. 27 ಅಧ್ಯಯನ, 10,565 ಜನ. ಇಂಥ ಮೀಟಿಂಗುಗಳಿಗೆ ಕ್ರಮವಾಗಿ ತಂದು ಸೇರಿಸೋ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಕೊನೆಗೆ ಪೂರ್ತಿ ಮುಟ್ಟದೇ ಉಳಿದವರು ನೂರಕ್ಕೆ 42, ಬೇರೆ ಚಿಕಿತ್ಸೆಗಳಲ್ಲಿ 35. ಪವಾಡ ಅಲ್ಲ, ಆದರೆ ಆ ಏಳು ಜನರಲ್ಲಿ ನಾನೂ ಒಬ್ಬನಿರಬಹುದು. ಇನ್ನೊಂದು ಲೆಕ್ಕ ಇದಕ್ಕಿಂತ ಕಾಡುತ್ತೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಇಂಡಿಯಾದಲ್ಲಿ ಕುಡಿತಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನೋ ಒಂದು ಚಿಕಿತ್ಸೆ ಸಿಕ್ಕಿದೆ. ಮಿಕ್ಕ 37 ಜನ ನಮ್ಮ ಬೀದಿಯ ಕೊನೆ ಮನೆಯಲ್ಲಿದ್ದಾರೆ, ನಾವು ಅವರ ಹೆಸರು ಮರೆತಿದ್ದೀವಿ.

ಎಎ ಒಂದೇ ದಾರಿ ಅಂತಾನೂ ಅಲ್ಲ. ನಮ್ಮ ಹಳ್ಳಿಗಳ ಕಡೆ ಧರ್ಮಸ್ಥಳ ಯೋಜನೆಯವರ ಮದ್ಯವರ್ಜನ ಶಿಬಿರ ನಡೆಯುತ್ತಲ್ಲ, ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಸೇರ್ತಾರೆ. ಅಲ್ಲೂ ಸೂತ್ರ ಇದೇ, ಬಿಟ್ಟವರು ಬಿಟ್ಟವರ ಜೊತೆ ಕೂರೋದು. ಮನೆಯವರಿಗೆ ಅಂತ ಅಲ್-ಅನಾನ್ ಬೇರೆ ಇದೆ. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದವರು 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೂ ಮಾತಾಡ್ತಾರೆ, ದುಡ್ಡಿಲ್ಲ.

2024ರ ಮೇ ತಿಂಗಳಿಂದ ಕುಡಿದಿಲ್ಲ. ಶೂರ ಅಂತ ಹೇಳಿಕೊಳ್ಳೋಕಲ್ಲ, ಈಗಲೂ ಏಳೂ ಕಾಲಿಗೆ ಫೋನ್ ಮಾಡ್ತೀನಿ. 2025ರ ಹೊಸತೊಡಕಿಗೆ ಊಟ ಮುಗಿಸಿ ತೋಟದ ಕಡೆ ಹೋಗದೆ ಚಿಕ್ಕ ಮಕ್ಕಳ ಜೊತೆ ಕೇರಂ ಆಡಿದೆ, ಸೋತೆ. ಎಕ್ಸೆಲ್ ಶೀಟ್ ಡಿಲೀಟ್ ಮಾಡಿಲ್ಲ. ಆಗಾಗ ತೆಗೆದು ನೋಡ್ತೀನಿ, ಎಷ್ಟು ಚೆನ್ನಾಗಿ ಸುಳ್ಳು ಹೇಳ್ತಿದ್ದೆ ಅಂತ.

2025ರ ಜೂನಿನಲ್ಲಿ ಅಮ್ಮನ ಇನ್ನೊಂದು ಕಣ್ಣಿನ ಆಪರೇಷನ್ ಆಯ್ತು. ಈ ಸಲ ಬೆಂಗಳೂರಿಗೆ ಬರಲಿಲ್ಲ. ಹಾಸನದಲ್ಲಿ ತಂಗಿ ಮನೆಯಲ್ಲಿದ್ದುಕೊಂಡು ಮಾಡಿಸಿಕೊಂಡಳು. ನನಗೆ ಹೇಳಿದ್ದು ಆಪರೇಷನ್ ಮುಗಿದ ಮೇಲೆ. ನೋವಾಯ್ತು. ಮೀಟಿಂಗಿನಲ್ಲಿ ಹೇಳಿಕೊಂಡೆ. ಯಾರೂ ಏನೂ ಅನ್ನಲಿಲ್ಲ, ಟೀ ಕೊಟ್ಟರು.

ಶನಿವಾರ ನೋಡೋಕೆ ಹೋದೆ. ಡ್ರಾಪ್ಸ್ ಹಾಕೋ ಹೊತ್ತಾಯ್ತು, ಅಮ್ಮ ತಂಗಿಯನ್ನ ಕೂಗಿದಳು. "ಕೈಯೆಲ್ಲ ಹಿಟ್ಟಾಗಿದೆ ಕಣಮ್ಮ, ಅಣ್ಣ ಇದಾನಲ್ಲ ಹಾಕ್ತಾನೆ" ಅಂತ ಅಡುಗೆಮನೆಯಿಂದ ಉತ್ತರ ಬಂತು. ಅಮ್ಮ ಒಂದು ಕ್ಷಣ ಸುಮ್ಮನಾದಳು. ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಆಮೇಲೆ ದಿಂಬಿಗೆ ತಲೆಯಿಟ್ಟು ಮೇಲೆ ನೋಡಿದಳು.

ಕೈ ನಡುಗಲಿಲ್ಲ. ಆದರೂ ಮೊದಲ ಹನಿ ಕೆನ್ನೆ ಮೇಲೇ ಬಿತ್ತು! ನನ್ನ ಉಸಿರೇ ನಿಂತ ಹಾಗಾಯ್ತು. ಅಮ್ಮ ನಗೋಕೆ ಶುರು ಮಾಡಿದಳು.

"ಅವತ್ತು ಕುಡಿದು ಕುಡಿದು ಕೈ ಹಂಗಾಗಿದೆ ಅಂದ್ಕೊಂಡಿದ್ದೆ ಕಣೋ. ನಿಂಗೆ ಡ್ರಾಪ್ಸ್ ಹಾಕೋಕೇ ಬರಲ್ಲ."

ಗೊತ್ತಿತ್ತು ಅವಳಿಗೆ. ಒಂದೂವರೆ ವರ್ಷ ಬಾಯಿ ಬಿಟ್ಟಿರಲಿಲ್ಲ. ನಾನೂ ನಕ್ಕೆ, ಕಣ್ಣು ಒರೆಸಿಕೊಂಡೆ. ಎರಡನೇ ಹನಿ ಸರಿಯಾಗಿ ಬಿತ್ತು.